ಬಡಿದರೆ ಬಿಡುವ ಕ್ಲೀಟು, ಬಿಡಬಾರದ ಪಿನ್ನು: ಸಣ್ಣ ಹಾಯಿದೋಣಿಯ ಚುಕ್ಕಾಣಿಗೆ ಯಾವುದು ಸರಿ?

ಬೀದರ್ ಜಿಲ್ಲೆಯ ಕಾರಂಜಾ, ಕಲಬುರಗಿ ಜಿಲ್ಲೆಯ ಬೆಣ್ಣೆತೊರಾ, ಯಾದಗಿರಿ ಜಿಲ್ಲೆಯ ನಾರಾಯಣಪುರದ ಬಸವಸಾಗರ. ಈ ಮೂರರಲ್ಲಿ ಎಲ್ಲೇ ಸಣ್ಣ ಹಾಯಿದೋಣಿ ಇಳಿಸಿದರೂ ಚುಕ್ಕಾಣಿ ಮುರಿಯುವುದು ಗಾಳಿಯಿಂದಲ್ಲ, ತಳದಿಂದ. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಗೆ ಇಳಿಯುತ್ತ ಹೋದಂತೆ ಮುಳುಗಿದ್ದ ಹೊಲದ ಬದು, ಜಾಲಿಯ ಬೊಡ್ಡೆ, ಕಲ್ಲುಗುಂಡು ಒಂದೊಂದಾಗಿ ಮೇಲಕ್ಕೆ ಬರುತ್ತವೆ. ಮೇಲೆ ಬಂದದ್ದು ಕಣ್ಣಿಗೆ ಬೀಳುತ್ತದೆ, ತಪ್ಪಿಸಿಕೊಳ್ಳಬಹುದು. ಇನ್ನೂ ಒಂದು ಮೊಳ ನೀರಿನೊಳಗೆ ಉಳಿದದ್ದೇ ಚುಕ್ಕಾಣಿಯ ಹಲಗೆಗೆ ಬಡಿಯುವುದು. ಕದಡಿದ ನೀರಿನಲ್ಲಿ ಒಂದು ಗೇಣು ಆಳವೂ ಕಾಣುವುದಿಲ್ಲ.

ಕ್ಲೀಟು ಎಂದರೆ ಹಗ್ಗವನ್ನು ಕಚ್ಚಿ ಹಿಡಿಯುವ ಸಾಮಾನು. ಇಲ್ಲಿ ವಿಮರ್ಶೆಗೆ ಎತ್ತಿಕೊಂಡದ್ದು ಕ್ಲಾಮ್‌ಕ್ಲೀಟ್ ಕಂಪನಿಯ ಆಟೋ ರಿಲೀಸ್ ಕ್ಲೀಟು, ಅಂದರೆ ಜಗ್ಗು ಮಿತಿಮೀರಿದರೆ ತಾನೇ ಹಗ್ಗ ಬಿಡುವಂಥದ್ದು. ಸಿಎಲ್ 257, ಸಿಎಲ್ 258 ಎಂಬ ಮಾದರಿಗಳಲ್ಲಿ ಸಿಗುತ್ತದೆ. ಟ್ರೇಲರ್ ಮೇಲೆ ಹೇರಿ ಒಯ್ಯುವ 14ರಿಂದ 16 ಅಡಿಯ ದೋಣಿಗೆ, ಮಡಚುವ ಚುಕ್ಕಾಣಿ ಇದ್ದರೆ, ಇದಕ್ಕಿಂತ ಕಡಿಮೆ ಗೋಜಲಿನ ಉಪಾಯ ನಮಗೆ ಗೊತ್ತಿಲ್ಲ. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಹಿಡಿದಿಟ್ಟದ್ದು ಯಾಕೆಂದರೆ ಅದು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ, ಕೊಂಡವರು ಮಾತ್ರ ಪೂರ್ತಿ ಕೆಲಸ ಆಯಿತು ಎಂದುಕೊಳ್ಳುತ್ತಾರೆ. ಹಲಗೆಯನ್ನು ಕೆಳಗೆ ಹಿಡಿಯುವ ಸಾಧನ ಹೊತ್ತಿಗೆ ಸರಿಯಾಗಿ ಬಿಟ್ಟುಕೊಡಬೇಕು. ಮೇಲೆ ಎತ್ತಿ ಹಿಡಿಯುವ ಸಾಧನ ಏನಾದರೂ ಬಿಡಬಾರದು. ಇವೆರಡನ್ನೂ ಒಂದೇ ಸಾಮಾನಿನಿಂದ ಮಾಡಿಸಲು ಹೋದಲ್ಲೆಲ್ಲ ಚುಕ್ಕಾಣಿ ಕೆಟ್ಟಿದೆ.

ಮೊದಲು ಚುಕ್ಕಾಣಿ ಹೇಗೆ ಮಡಚುತ್ತದೆ ನೋಡಿ. ದೋಣಿಯ ಹಿಂಬದಿಯಲ್ಲಿ ಪಿಂಟಲ್‌ಗಳ, ಅಂದರೆ ಕೀಲಿನ ಗೂಟಗಳ, ಮೇಲೆ ತೂಗುವ ಭಾಗ ಸ್ಟಾಕ್. ಅದರ ಎರಡು ಪಟ್ಟಿಗಳ ನಡುವೆ ಒಂದೇ ಬೋಲ್ಟಿನ ಮೇಲೆ ಹಲಗೆ ತಿರುಗುತ್ತದೆ. ಹಲಗೆಯ ಮುಂದಿನ ಅಂಚಿಗೆ ಕಟ್ಟಿದ ಹಗ್ಗವನ್ನು ಮೇಲಕ್ಕೆ ಜಗ್ಗಿದರೆ ಹಲಗೆ ಕೆಳಗಿಳಿಯುತ್ತದೆ. ಹಿಂದಿನ ಅಂಚಿನ ಹಗ್ಗ ಜಗ್ಗಿದರೆ ಹಿಂದಕ್ಕೆ ವಾಲಿ ಮೇಲೇಳುತ್ತದೆ. ಇಳಿಸುವ ಹಗ್ಗ ಚುಕ್ಕಾಣಿ ತಿರುಗಿಸುವ ಹಿಡಿಕೋಲಾದ ಟಿಲ್ಲರ್ ಉದ್ದಕ್ಕೂ ಬಂದು ಈ ಕ್ಲೀಟಿನ ಹಲ್ಲುಗಳಲ್ಲಿ ಕೂರುತ್ತದೆ. ಹಲಗೆ ಏನಕ್ಕಾದರೂ ಬಡಿದರೆ ಹಗ್ಗದ ಜಗ್ಗು ಒಮ್ಮೆಲೇ ಏರುತ್ತದೆ. ಸ್ಕ್ರೂ ತಿರುಗಿಸಿ ಹೊಂದಿಸಿಟ್ಟ ಮಿತಿ ದಾಟಿದೊಡನೆ ಕ್ಲೀಟು ತನ್ನ ಬುಡದ ಮೇಲೆ ಮಗುಚಿ ಹಗ್ಗವನ್ನು ಬಿಟ್ಟುಬಿಡುತ್ತದೆ. ಹಲಗೆ ಕಲ್ಲಿನ ಮೇಲೆ ಜಾರಿ ದಾಟುತ್ತದೆ. ಆಮೇಲೆ ಕ್ಲೀಟನ್ನು ಬೆರಳಿನಿಂದ ಒತ್ತಿ ಕೂರಿಸಿ, ಹಗ್ಗ ಜಗ್ಗಿ ಕಚ್ಚಿಸಿದರೆ ಮತ್ತೆ ಸಿದ್ಧ. ಕೂತಲ್ಲಿಂದ ಏಳಬೇಕಿಲ್ಲ, ಹಿಂದಕ್ಕೆ ಬಾಗಬೇಕಿಲ್ಲ.

ಉಳಿದ ಉಪಾಯಗಳ ಜೊತೆ ಇಟ್ಟು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ತಿರುಗುವ ಬೋಲ್ಟಿಗೆ ವಿಂಗ್ ನಟ್ ಹಾಕಿ ಬಿಗಿದು ಹಲಗೆಯನ್ನು ಘರ್ಷಣೆಯ ಮೇಲೇ ನಿಲ್ಲಿಸುವುದು ಹಳೆಯ ಪದ್ಧತಿ. ಪ್ಲೈವುಡ್ ಹಲಗೆ ಒಣಗಿದ್ದಾಗ ಒಂದು ಬಿಗಿ, ನೆನೆದು ಉಬ್ಬಿದಾಗ ಇನ್ನೊಂದು ಬಿಗಿ. ದಡದಲ್ಲಿ ಸರಿ ಇದ್ದದ್ದು ನೀರಿಗಿಳಿದು ಅರ್ಧ ತಾಸಿಗೆ ಬದಲಾಗಿರುತ್ತದೆ, ಸರಿಮಾಡಲು ದೋಣಿಯ ಹಿಂಬದಿಯ ಆಚೆಗೆ ಕೈ ಚಾಚಬೇಕು. ಇಲಾಸ್ಟಿಕ್ ಹಗ್ಗದಿಂದ ಕೆಳಗೆ ಜಗ್ಗಿ ಕಟ್ಟುವುದು ಅಗ್ಗ, ಬಡಿದಾಗ ತಾನೇ ಹಿಗ್ಗಿ ದಾರಿ ಕೊಡುತ್ತದೆ, ತಾನೇ ಹಿಂತಿರುಗುತ್ತದೆ. ತಂಗಾಳಿಗೆ ಅದು ಸಾಕು. ಆದರೆ ವೇಗ ಎರಡು ಪಟ್ಟಾದರೆ ನೀರಿನ ಎಳೆತ ನಾಲ್ಕು ಪಟ್ಟಾಗುತ್ತದೆ, ಗಾಳಿ ಬಿರುಸಾದಾಗ ಹಲಗೆ ತಾನಾಗಿ ಹಿಂದಕ್ಕೆ ತೇಲುತ್ತದೆ. ಅದೂ ಅಲ್ಲದೆ ನಮ್ಮ ಬಿಸಿಲಿಗೆ ಇಲಾಸ್ಟಿಕ್ ಹಗ್ಗ ಬಾಳುವುದಿಲ್ಲ. ಹೊರಗಿನ ಹೆಣಿಗೆ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ರಬ್ಬರು ಪುಡಿಯಾಗಿರುತ್ತದೆ. ಮೂರನೆಯದು ಪಟ್ಟಿ, ಹಲಗೆ ಎರಡನ್ನೂ ತೂರಿಸಿ ಪಿನ್ನು ಹಾಕಿ ಹಲಗೆಯನ್ನು ಕೆಳಗೇ ಬೀಗ ಹಾಕಿದಂತೆ ನಿಲ್ಲಿಸುವುದು. ಸಮುದ್ರದ ಆಳದಲ್ಲಿ ಅದು ನಡೆದೀತು. ಕಾರಂಜಾದಲ್ಲಿ ಹಾಗೆ ಮಾಡುವುದಕ್ಕಿಂತ ಹಲಗೆಯನ್ನು ಮನೆಯಲ್ಲೇ ಸುತ್ತಿಗೆಯಿಂದ ಒಡೆದುಕೊಳ್ಳುವುದು ಲೇಸು, ದೋಣಿಯ ಹಿಂಬದಿಯಾದರೂ ಉಳಿಯುತ್ತದೆ.

ತಗ್ಗಿ ನಿಂತ ಹಲಗೆ ತುಸು ಹಿಂದೆ ಜಾರಿದರೆ ಏನಾಯಿತು ಎಂದು ಕೇಳುವವರಿಗಾಗಿ ಲೆಕ್ಕ. ಬೋಲ್ಟಿನಿಂದ ತುದಿಯವರೆಗೆ 64 ಸೆಂ.ಮೀ. ಉದ್ದದ, 22 ಸೆಂ.ಮೀ. ಅಗಲದ ಹಲಗೆ ಎಂದಿಟ್ಟುಕೊಳ್ಳಿ. ನೆಟ್ಟಗೆ ನಿಂತಾಗ ನೀರಿನ ಒತ್ತಡದ ಕೇಂದ್ರ ಪಿಂಟಲ್‌ಗಳ ಸಾಲಿನಿಂದ ಸುಮಾರು 5 ಸೆಂ.ಮೀ. ಹಿಂದೆ ಇರುತ್ತದೆ. ಟಿಲ್ಲರ್ ಹಿಡಿದ ಕೈಗೆ ಬರುವ ಭಾರ ಈ ದೂರವನ್ನೇ ಅವಲಂಬಿಸಿದೆ. ಹಲಗೆ 10 ಡಿಗ್ರಿ ಹಿಂದೆ ವಾಲಿದರೆ ಆ ದೂರ 10 ಸೆಂ.ಮೀ. ದಾಟುತ್ತದೆ, ಕೈಭಾರ ಎರಡು ಪಟ್ಟು. 30 ಡಿಗ್ರಿ ವಾಲಿದರೆ ಸುಮಾರು 20 ಸೆಂ.ಮೀ., ಅಂದರೆ ನಾಲ್ಕು ಪಟ್ಟು. ಗಾಳಿ ಜೋರಾದಾಗ ಟಿಲ್ಲರ್ ಇದ್ದಕ್ಕಿದ್ದಂತೆ ಹೆಣಭಾರವಾದರೆ ಹಾಯಿಯನ್ನು ಬೈಯುವ ಮೊದಲು ಹಿಂದಿರುಗಿ ಹಲಗೆ ನೋಡಿ. ಬಹಳ ಸಲ ಹಲಗೆ ಜಾರಿರುತ್ತದೆ. ಆ ಸ್ಥಿತಿಯಲ್ಲೇ ಬಲವಂತವಾಗಿ ಟಿಲ್ಲರ್ ತಿರುವಿದರೆ ಸ್ಟಾಕಿನ ಪಟ್ಟಿ ಬಾಗುತ್ತದೆ, ಇಲ್ಲವೆ ಕೆಳಗಿನ ಪಿಂಟಲ್‌ನ ತಿರುಪು ಮರದಿಂದ ಕಿತ್ತು ಬರುತ್ತದೆ.

ಹಗ್ಗವೂ ಇದೇ ಲೆಕ್ಕದೊಳಗೆ ಬರುತ್ತದೆ. ಇಳಿಸುವ ಹಗ್ಗ ಬೋಲ್ಟಿನಿಂದ 8 ಸೆಂ.ಮೀ. ದೂರದಲ್ಲಿ ಕಟ್ಟಿದ್ದರೆ ತುದಿಗೂ ಅದಕ್ಕೂ ಎಂಟು ಪಟ್ಟು ಅಂತರ. ಹಗ್ಗ 5 ಮಿ.ಮೀ. ಹಿಗ್ಗಿದರೆ ತುದಿ 4 ಸೆಂ.ಮೀ. ಹಿಂದೆ ಹೋಗುತ್ತದೆ. ಹಾಗಾಗಿ ನೈಲಾನ್ ಹಗ್ಗ ಇಲ್ಲಿಗೆ ಬೇಡ, ಅದು ಹಿಗ್ಗುವ ಜಾತಿ. ಗಂಜ್ ಕಡೆಯ ಹಗ್ಗದಂಗಡಿಗಳಲ್ಲಿ ರೈತರು ಕೊಳ್ಳುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗವೂ ಬೇಡ. ಅದು ನುಣುಪು, ಗಡುಸು, ಕ್ಲೀಟಿನ ಹಲ್ಲಿಗೆ ಸಿಕ್ಕುವುದಿಲ್ಲ, ಬಿಸಿಲಿಗೆ ನಾರು ನಾರಾಗಿ ಉದುರುತ್ತದೆ. ಬೇಕಾದ್ದು ಹೆಣೆದ ಪಾಲಿಯೆಸ್ಟರ್ ಹಗ್ಗ, 4 ಮಿ.ಮೀ. ದಪ್ಪ. ಡೈನೀಮಾ ಎಂಬ ಬಲವಾದ ನಾರಿನ ಬರಿಯ ಹಗ್ಗ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ನಿಜ. ಆದರೆ ಅದು ಜಾರುವ ಹಗ್ಗ, ಮೇಲೆ ಪಾಲಿಯೆಸ್ಟರ್ ಹೊದಿಕೆ ಇಲ್ಲದ್ದನ್ನು ಕ್ಲೀಟು ನೆಚ್ಚಿ ಹಿಡಿಯುವುದಿಲ್ಲ.

ಕೂರಿಸುವ ಬಗೆ

ಕ್ಲೀಟಿಗೆ ಎರಡು ತಿರುಪು. ಮರದ ಟಿಲ್ಲರ್ ಆದರೆ ಮರದ ಸ್ಕ್ರೂ ಹೊಡೆದು ಮುಗಿಸುವ ಮನಸ್ಸಾಗುತ್ತದೆ. ಬಡಿದಾಗ ಬರುವ ಜಗ್ಗು ಪ್ರತಿ ಸಲವೂ ಆ ಸ್ಕ್ರೂಗಳನ್ನು ಅಲುಗಿಸುತ್ತದೆ. ಆರಪಾರ ತೂತು ಕೊರೆದು ಸ್ಟೇನ್‌ಲೆಸ್ ಬೋಲ್ಟು, ಅಡಿಗೆ ವಾಷರ್, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಿ. ತೂತಿನ ಒಳಗೋಡೆಗೆ ಅರಾಲ್ಡೈಟ್ ಸವರಿದರೆ ಮರ ನೀರು ಕುಡಿಯುವುದಿಲ್ಲ. ಅಲ್ಯೂಮಿನಿಯಂ ಟಿಲ್ಲರ್ ಆದರೆ ಸ್ಟೇನ್‌ಲೆಸ್ ಬೋಲ್ಟು ನೇರವಾಗಿ ತಾಗದಂತೆ ನೈಲಾನ್ ವಾಷರ್ ಇಡಿ. ಎರಡು ಲೋಹ ನೀರಿನಲ್ಲಿ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತ ಹೋಗುತ್ತದೆ. ಸಿಹಿನೀರಿನಲ್ಲಿ ಈ ಕೇಡು ನಿಧಾನ, ಹಾಗೆಂದು ಇಲ್ಲವೇ ಇಲ್ಲ ಎಂದಲ್ಲ.

ಹಗ್ಗ ಕ್ಲೀಟಿಗೆ ನೇರವಾಗಿ ಬರಬೇಕು, ಇದು ಎಲ್ಲಕ್ಕಿಂತ ಮುಖ್ಯ. ಪಕ್ಕದಿಂದಲೋ ಮೇಲಿನಿಂದಲೋ ಓರೆಯಾಗಿ ಬಂದರೆ ಜಗ್ಗು ಕ್ಲೀಟನ್ನು ಮಗುಚುವ ದಿಕ್ಕಿಗೆ ಸಿಗುವುದಿಲ್ಲ. ಸ್ಟಾಕಿನಿಂದ ಹೊರಬೀಳುವ ಜಾಗಕ್ಕೂ ಕ್ಲೀಟಿಗೂ ನಡುವೆ ಒಂದು ಸಣ್ಣ ಬಳೆ ಕೂರಿಸಿ ಹಗ್ಗವನ್ನು ಕ್ಲೀಟಿನ ಎತ್ತರಕ್ಕೆ ತಂದುಕೊಳ್ಳಿ.

ಟಿಲ್ಲರ್ ಮೇಲಕ್ಕೆ ಎತ್ತುವಂಥದ್ದಾದರೆ ಇನ್ನೊಂದು ತೊಡಕು. ಟಿಲ್ಲರ್ ಎತ್ತಿದಾಗ ಹಗ್ಗದ ದಾರಿ ಉದ್ದವೋ ಗಿಡ್ಡವೋ ಆಗುತ್ತದೆ. ಉದ್ದವಾದರೆ ಕ್ಲೀಟು ಸುಮ್ಮನೆ ಬಿಚ್ಚಿಕೊಳ್ಳುತ್ತದೆ, ಗಿಡ್ಡವಾದರೆ ಹಗ್ಗ ಸಡಿಲಾಗಿ ಹಲಗೆ ಜಾರುತ್ತದೆ. ಹಗ್ಗವನ್ನು ಟಿಲ್ಲರ್ ತಿರುಗುವ ಬೋಲ್ಟಿನ ಪಕ್ಕಕ್ಕೇ ಒರಸಿ ದಾಟಿಸಿದರೆ ಎತ್ತಿದರೂ ಇಳಿಸಿದರೂ ಉದ್ದ ಹೆಚ್ಚುಕಡಿಮೆ ಒಂದೇ ಇರುತ್ತದೆ. ಕಾರ್ಖಾನೆಯಿಂದ ಬಂದ ದೋಣಿಗಳಲ್ಲೂ ಇದನ್ನು ಗಮನಿಸದೆ ಬಳೆಯನ್ನು ಎಲ್ಲೋ ಕೂರಿಸಿದ್ದು ಉಂಟು. ಕಣ್ಣಳತೆಗೆ ಬಿಡದೆ ಟಿಲ್ಲರ್ ಎತ್ತಿ ಇಳಿಸಿ ಹಗ್ಗ ಮುಟ್ಟಿ ನೋಡಿ.

ಬಿಡುವ ಮಿತಿಯನ್ನು ಹೊಂದಿಸುವುದು ನೀರಿನ ಮೇಲಲ್ಲ, ನೆಲದ ಮೇಲೆ. ಸ್ಟಾಕನ್ನು ಬಿಚ್ಚಿ ಮೇಜಿನ ಅಂಚಿಗೆ ಕ್ಲಾಂಪಿನಿಂದ ಬಿಗಿಯಿರಿ, ಹಲಗೆ ಪೂರ್ತಿ ಇಳಿದ ಸ್ಥಿತಿಯಲ್ಲಿರಲಿ, ಹಗ್ಗ ಕ್ಲೀಟಿನಲ್ಲಿ ಕಚ್ಚಿರಲಿ. ಗುಜರಿ ಅಂಗಡಿಯವರು ರದ್ದಿ ತೂಗುವಂಥ ಕೊಕ್ಕೆ ತಕ್ಕಡಿಯನ್ನು ಹಲಗೆಯ ತುದಿಗೆ ಸಿಕ್ಕಿಸಿ ಹಿಂದಕ್ಕೆ ನಿಧಾನ ಜಗ್ಗಿ. ಮೇಲೆ ಹೇಳಿದ ಅಳತೆಯ ಹಲಗೆಗೆ ತುದಿಯಲ್ಲಿ 3 ಕೆ.ಜಿ. ಹತ್ತಿರ ಬಿಡುವಂತೆ ಶುರುಮಾಡಿ. ಎಂಟು ಪಟ್ಟಿನ ಲೆಕ್ಕದಲ್ಲಿ ಹಗ್ಗದ ಮೇಲೆ ಅದು 24 ಕೆ.ಜಿ. ಆಗುತ್ತದೆ, 4 ಮಿ.ಮೀ. ಪಾಲಿಯೆಸ್ಟರ್ ಹಗ್ಗಕ್ಕೆ ಅದು ಏನೂ ಅಲ್ಲ. ಬಿರುಗಾಳಿಯಲ್ಲಿ ಏನಕ್ಕೂ ಬಡಿಯದೆ ಬಿಟ್ಟುಕೊಂಡರೆ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ, ಮತ್ತೆ ತಕ್ಕಡಿ ಹಿಡಿದು ಅಂಕಿ ಬರೆದಿಡಿ. ಕಾಲು ಸುತ್ತಿಗಿಂತ ಹೆಚ್ಚು ಒಂದೇ ಸಲಕ್ಕೆ ಬೇಡ. ಅಂಕಿ ಇಲ್ಲದೆ ಬಿಗಿ ಮಾಡುತ್ತ ಹೋದವರ ಕ್ಲೀಟು ಕೊನೆಗೆ ಸಾದಾ ಕ್ಲೀಟೇ ಆಗಿಬಿಡುತ್ತದೆ.

ಎಲ್ಲಿ ಕೈಕೊಡುತ್ತದೆ

ಕ್ಲೀಟು ಬಿಟ್ಟರೂ ಹಲಗೆ ಮೇಲೇಳಲಿಲ್ಲ ಎಂಬ ದೂರು ಹೆಚ್ಚು. ಬಹುಪಾಲು ಕಾರಣ ಹಗ್ಗದ ತುದಿಯ ಗಂಟು. ಹಲಗೆ 90 ಡಿಗ್ರಿ ತಿರುಗಲು 8 ಸೆಂ.ಮೀ. ದೂರದಲ್ಲಿ ಕಟ್ಟಿದ ಹಗ್ಗ 12.5 ಸೆಂ.ಮೀ. ಮೀರಿ ಓಡಬೇಕು. ಹಿಡಿಯಲು ಚೆಂದ ಎಂದು ಕ್ಲೀಟಿನ ಪಕ್ಕದಲ್ಲೇ ಗಂಟು ಹಾಕಿದರೆ ಹಗ್ಗ ನಾಲ್ಕು ಬೆರಳು ಓಡಿ ಬಳೆಗೆ ಸಿಕ್ಕಿ ನಿಲ್ಲುತ್ತದೆ, ಹಲಗೆ ಅರ್ಧಕ್ಕೆ ನಿಲ್ಲುತ್ತದೆ, ಬಡಿತದ ಉಳಿದ ಅರ್ಧವನ್ನು ಸ್ಟಾಕು ತಿನ್ನುತ್ತದೆ. ಹಲಗೆ ಇಳಿದಿರುವಾಗ ಕ್ಲೀಟಿನಿಂದ ಗಂಟಿಗೆ ಕನಿಷ್ಠ 15 ಸೆಂ.ಮೀ. ಬಿಡಿ. 90 ಡಿಗ್ರಿಗಿಂತ ಮೇಲೆ ಮಡಚುವ ಹಲಗೆಗೆ ಇನ್ನೂ ಜಾಸ್ತಿ.

ಎರಡನೆಯದು ಅತಿಜಾಣತನ. ಕ್ಲೀಟಿನಲ್ಲಿ ಕಚ್ಚಿಸಿದ ಮೇಲೆ ಉಳಿದ ಹಗ್ಗವನ್ನು "ಇರಲಿ ಗಟ್ಟಿ" ಎಂದು ಟಿಲ್ಲರಿಗೆ ಎರಡು ಸುತ್ತು ಸುತ್ತಿ ಬಿಡುವುದು. ದೋಣಿಗೆ ಹೊಸದಾಗಿ ಹತ್ತಿದವರು ಪ್ರತಿಯೊಬ್ಬರೂ ಇದನ್ನು ಮಾಡುತ್ತಾರೆ, ಎತ್ತಿನ ಕಣ್ಣಿ ಕಟ್ಟಿದ ಕೈಗಳಿಗೆ ಸುತ್ತದೆ ಬಿಡುವುದು ಅಭ್ಯಾಸವಿಲ್ಲ. ಸುತ್ತಿದರೆ ಕ್ಲೀಟು ಮಗುಚಿದರೂ ಹಗ್ಗ ಓಡುವುದಿಲ್ಲ.

ಮೂರನೆಯದು ಎರೆಮಣ್ಣು. ದಂಡೆಯ ಕೆಸರು ಸ್ಟಾಕಿನ ಎರಡು ಪಟ್ಟಿಗಳ ನಡುವೆ ಸೇರಿಕೊಂಡು, ದಡದಲ್ಲಿ ಒಣಗಿದರೆ ಸಿಮೆಂಟಿನಂತೆ ಹಿಡಿಯುತ್ತದೆ. ಮುಂದಿನ ಸಲ ಹಲಗೆ ಕೈಯಿಂದ ಜಗ್ಗಿದರೂ ತಿರುಗುವುದಿಲ್ಲ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆಯ ಹರಳು ಬೇರೆ ಬಗೆ: ಹಿಡಿಯುವುದಿಲ್ಲ, ಉಜ್ಜುತ್ತದೆ, ಹಲಗೆಯ ವಾರ್ನಿಶ್ ತಿಂದು ಮರವನ್ನು ಬಯಲು ಮಾಡುತ್ತದೆ. ಎರಡಕ್ಕೂ ಮದ್ದು ಒಂದೇ. ದೋಣಿ ಮೇಲೆ ಬಂದೊಡನೆ, ಕೆಸರು ಹಸಿ ಇರುವಾಗಲೇ, ಒಂದು ಕೊಡ ನೀರು ಸುರಿದು ಹಲಗೆಯನ್ನು ಮೇಲೆ ಕೆಳಗೆ ಆಡಿಸುತ್ತ ತೊಳೆಯಿರಿ. ಕ್ಲೀಟಿನ ಬುಡಕ್ಕೂ ಒಂದು ಲೋಟ ನೀರು. ಗ್ರೀಸ್ ಹಚ್ಚಬೇಡಿ, ಅದು ಮಣ್ಣನ್ನು ಕರೆದು ಕೂರಿಸಿಕೊಳ್ಳುತ್ತದೆ.

ತಿರುಗುವ ಬೋಲ್ಟಿನ ಬಿಗಿಯನ್ನೂ ನೋಡಿ. ಈ ಕ್ಲೀಟು ಇದ್ದಮೇಲೆ ಬೋಲ್ಟು ಹಲಗೆಯನ್ನು ಹಿಡಿಯುವ ಕೆಲಸ ಮಾಡಬೇಕಿಲ್ಲ. ನೈಲಾಕ್ ನಟ್ಟನ್ನು ಹಲಗೆ ಬಿಗಿಯಾಗುವವರೆಗೆ ತಿರುಗಿಸಿ, ಆಮೇಲೆ ಕಾಲು ಸುತ್ತು ಹಿಂದಕ್ಕೆ ಬಿಡಿ. ಹಲಗೆ ತನ್ನ ಭಾರಕ್ಕೆ ಬೀಳಬೇಕು, ಪಕ್ಕಕ್ಕೆ ಅಲುಗಬಾರದು. ಅಲುಗುತ್ತಿದ್ದರೆ ನಟ್ಟನ್ನು ಬಿಗಿಯದೆ, ಪಟ್ಟಿ ಹಲಗೆಗಳ ನಡುವೆ ತೆಳು ನೈಲಾನ್ ವಾಷರ್ ತುಂಬಿ.

ಮೀನುಗಾರರ ಬಲೆ ಬೇರೆ ವಿಷಯ. ಬಲೆಯ ಮೇಲಿನ ಹಗ್ಗ ಹಲಗೆಗೆ ಸಿಕ್ಕರೆ ಬಡಿತದಂತೆ ಒಮ್ಮೆಲೇ ಜಗ್ಗುವುದಿಲ್ಲ, ಮೆತ್ತಗೆ ಹಿಡಿದು ನಿಲ್ಲಿಸುತ್ತದೆ. ಕ್ಲೀಟು ಬಿಡಬಹುದು, ಬಿಡದೆಯೂ ಇರಬಹುದು. ಹಾಯಿ ಸಡಿಲಿಸಿ, ಇಳಿಸುವ ಹಗ್ಗವನ್ನು ಕೈಯಿಂದಲೇ ಬಿಚ್ಚಿ, ಹಲಗೆ ಎತ್ತಿ ಬಲೆಯನ್ನು ಜಾರಿಸಿ. ಬಲೆ ಕೊಯ್ಯಬೇಡಿ, ಅದು ಅವರ ಅನ್ನ. ಇಳಿಯುವ ಮೊದಲು ದಂಡೆಯಲ್ಲಿರುವ ಹಿರಿಯರನ್ನು "ಕಾಕಾ, ಬಲಿ ಎಲ್ಲೆಲ್ಲಿ ಹಾಕೀರಿ? ಕಲ್ಲು ಯಾ ಕಡೆ ಅದಾವ್ರೀ?" ಎಂದು ಕೇಳಿದರೆ ಅರ್ಧ ಬಡಿತ ತಪ್ಪುತ್ತದೆ. ನೀರಾವರಿ ನಿಗಮದ ಕಚೇರಿಯ ಅನುಮತಿ ಪತ್ರವನ್ನಂತೂ ಮೊದಲೇ ಪಡೆದಿರಬೇಕು, ಅಣೆಕಟ್ಟೆಯ ಗೇಟು, ಕಾಲುವೆಯ ತೂಬಿನ ಹತ್ತಿರ ಸುಳಿಯಲೇಬಾರದು.

ಎತ್ತಿ ಹಿಡಿಯುವ ಅರ್ಧ

ಇನ್ನು ಕ್ಲೀಟು ಮಾಡದ ಕೆಲಸ. ಇಲ್ಲಿನ ಜಲಾಶಯಗಳಿಗೆ ದೋಣಿ ಇಳಿಸುವ ಕಟ್ಟೆ ಇರುವುದಿಲ್ಲ, ಬರಿಯ ಇಳಿಜಾರು ದಂಡೆ. ಇಳಿಜಾರು ಎಷ್ಟು ಕಮ್ಮಿ ಎಂದರೆ ದಡದಿಂದ ಬಹುದೂರ ಹೋದರೂ ಮೊಣಕಾಲುದ್ದ ನೀರು. ಹಾಗಾಗಿ ದಡಕ್ಕೆ ಬರುವಾಗ ಹಲಗೆಯನ್ನು ಬೇಗನೆ ಎತ್ತಬೇಕು, ಎತ್ತಿದ್ದು ಎತ್ತಿದಂತೆಯೇ ಇರಬೇಕು. ಸೆಂಟರ್‌ಬೋರ್ಡು, ಅಂದರೆ ದೋಣಿಯ ನಡುವಿನಿಂದ ನೀರಿಗಿಳಿಯುವ ಹಲಗೆ, ಚುಕ್ಕಾಣಿಯ ಹಲಗೆಗಿಂತ ಆಳಕ್ಕೆ ಇಳಿದಿರುವ ದೋಣಿಯಲ್ಲಿ ಅದೇ ಎಚ್ಚರಿಕೆಯ ಗಂಟೆ. ಅದು ಒಮ್ಮೆ ನೆಲ ಮುಟ್ಟಿದೊಡನೆ ಕ್ರಮ ಹೀಗಿರಲಿ: ಹಾಯಿ ಸಡಿಲಿಸಿ ವೇಗ ಇಳಿಸಿ, ಸೆಂಟರ್‌ಬೋರ್ಡು ಅರ್ಧ ಎತ್ತಿ, ಇಳಿಸುವ ಹಗ್ಗವನ್ನು ಕ್ಲೀಟಿನಿಂದ ಬಿಡಿಸಿ, ಎತ್ತುವ ಹಗ್ಗ ಜಗ್ಗಿ ಬೇರೆಯೇ ಒಂದು ಸಾದಾ ಕ್ಲೀಟಿಗೆ ಕಟ್ಟಿ. ಇಳಿಸುವ ಹಗ್ಗ ಬಿಡಿಸುವುದನ್ನು ಮರೆತು ಎತ್ತುವ ಹಗ್ಗವನ್ನೇ ಜೋರಾಗಿ ಜಗ್ಗಿದರೆ ಕ್ಲೀಟು ಮಗುಚಿ ಕೆಲಸವೇನೋ ಆಗುತ್ತದೆ, ಆದರೆ ಆ ಎಳೆತವೆಲ್ಲ ಹಲಗೆಯ ಅಂಚಿನ ಎರಡು ತೂತುಗಳ ಮೇಲೆ ಬೀಳುತ್ತದೆ. ಕೊನೆಯ ಹತ್ತು ಮಾರು ಹುಟ್ಟಿನಿಂದ ನಡೆಸಿ. ಅರ್ಧ ಎತ್ತಿದ ಹಲಗೆಯಿಂದಲೂ ನಿಧಾನವಾಗಿ ತಿರುಗಿಸಿಕೊಳ್ಳಬಹುದು, ಕೈಭಾರದ ಲೆಕ್ಕ ನೆನಪಿದ್ದರೆ ಸಾಕು.

ಎತ್ತುವ ಹಗ್ಗಕ್ಕೂ ಆಟೋ ರಿಲೀಸ್ ಕ್ಲೀಟನ್ನೇ ಹಾಕುವವರಿದ್ದಾರೆ, ಜೋಡಿಯಾಗಿ ಕಾಣಲಿ ಎಂದೋ ಏನೋ. ಟ್ರೇಲರ್ ಒಂದು ಗುಂಡಿಗೆ ಇಳಿದರೆ ಹಲಗೆಯ ಭಾರ ಕುಲುಕಿ ಕ್ಲೀಟು ಬಿಡುತ್ತದೆ, ಹಲಗೆ ನೆಲಕ್ಕೆ ಬೀಳುತ್ತದೆ, ಹಿಂದಕ್ಕೆ ಬರುತ್ತಿರುವ ಟ್ರೇಲರ್ ಆದರೆ ಅಲ್ಲಿಗೆ ಮುಗಿಯಿತು. ಸಾದಾ ಕ್ಲೀಟೂ ಕುಲುಕಾಟಕ್ಕೆ ನಿಧಾನವಾಗಿ ಹಗ್ಗ ಜಾರಿಸುತ್ತದೆ. ನೀರಿನಿಂದ ಹೊರಬಂದ ಮೇಲೆ ನಂಬಬೇಕಾದದ್ದು ಪಿನ್ನನ್ನು ಮಾತ್ರ.

ಈ ಪಿನ್ನನ್ನು ಕಲಬುರಗಿಯ ಯಾವುದೇ ಲೇತ್ ಮಿಸ್ತ್ರಿ ಮಾಡಿಕೊಡುತ್ತಾರೆ. 8 ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ಸರಳು, ಉದ್ದ ಸ್ಟಾಕಿನ ಒಟ್ಟು ಅಗಲಕ್ಕಿಂತ 2 ಸೆಂ.ಮೀ. ಹೆಚ್ಚು, ಒಂದು ತುದಿಗೆ ತಲೆ ಅಥವಾ ಬೆಸೆದ ಬಳೆ, ಇನ್ನೊಂದು ತುದಿಗೆ 3 ಮಿ.ಮೀ. ಅಡ್ಡ ತೂತು. ತೂತಿಗೆ ಆರ್ ಪಿನ್ನು, ಅಂದರೆ ಇಂಗ್ಲಿಷಿನ R ಅಕ್ಷರದಂತೆ ಬಾಗಿದ ತಂತಿಯ ಪಿನ್ನು. ಅದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅಲ್ಲಿರುವುದು ಹೆಚ್ಚಾಗಿ ಸತುವಿನ ಲೇಪದ್ದು, ನೀರಿಗೆ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಎಂದು ಕೊಟ್ಟದ್ದಕ್ಕೆ ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ 304 ಅಲ್ಲ. ಬಾಗಿಸಿ ಮಾಡಿದ ಜಾಗದಲ್ಲಿ ಸ್ವಲ್ಪ ಎಳೆದರೆ ಚಿಂತೆಯಿಲ್ಲ.

ಹಲಗೆ ಪೂರ್ತಿ ಎತ್ತಿದ ಸ್ಥಿತಿಯಲ್ಲಿ, ತಿರುಗುವ ಬೋಲ್ಟಿನಿಂದ ಕನಿಷ್ಠ 6 ಸೆಂ.ಮೀ. ದೂರದಲ್ಲಿ, ಎರಡು ಪಟ್ಟಿ ಮತ್ತು ಹಲಗೆಯನ್ನು ಒಟ್ಟಿಗೇ ಕೊರೆಯಬೇಕು. ಪ್ಲೈವುಡ್ ಹಲಗೆಯಲ್ಲಿ 8 ಮಿ.ಮೀ. ತೂತು ಕೊರೆದು ಹಾಗೇ ಬಿಟ್ಟರೆ ಆರು ತಿಂಗಳಲ್ಲಿ ಪದರ ಬಿಚ್ಚಿಕೊಳ್ಳುತ್ತದೆ. ಮೊದಲು ಗುರುತು ಹಾಕಲು ಸಣ್ಣ ತೂತು, ಆಮೇಲೆ ಹಲಗೆ ಬಿಚ್ಚಿ ಅದನ್ನು 12 ಮಿ.ಮೀ.ಗೆ ಹಿಗ್ಗಿಸಿ, ಅರಾಲ್ಡೈಟ್‌ಗೆ ಮರದ ಹೊಟ್ಟು ಕಲಸಿ ತುಂಬಿ, ಒಂದು ರಾತ್ರಿ ಒಣಗಿದ ಮೇಲೆ ನಡುವೆ 8 ಮಿ.ಮೀ. ಕೊರೆಯಿರಿ. ಆಗ ಪಿನ್ನು ಮರವನ್ನು ಮುಟ್ಟುವುದೇ ಇಲ್ಲ. ಒಳಗೆ ಫೋಮ್ ತುಂಬಿದ ಫೈಬರ್ ಹಲಗೆಯಾದರೆ ಕೊರೆಯುವ ಸಾಹಸ ಬೇಡ, ನೀರು ಫೋಮಿಗೆ ಇಳಿದರೆ ಹಲಗೆ ಹೋಯಿತು. ಅಂಥ ಕಡೆ ಪಟ್ಟಿಗಳಿಗೆ ಮಾತ್ರ ತೂತು ಹಾಕಿ, ಎತ್ತಿದ ಹಲಗೆಯ ಅಡಿಗೆ ಪಿನ್ನು ದಾಟಿಸಿ, ಪಿನ್ನಿನ ಮೇಲೆ ಸೈಕಲ್ ಟ್ಯೂಬಿನ ತುಂಡು ಏರಿಸಿ ಹಲಗೆ ಅದರ ಮೇಲೆ ಕೂರುವಂತೆ ಮಾಡಿ.

ಪಿನ್ನಿಗೆ ಒಂದು ಕೆಂಪು ರಿಬ್ಬನ್ ಕಟ್ಟಿ. ಚೆಂದಕ್ಕಲ್ಲ. ಪಿನ್ನು ತೆಗೆಯದೆ ದೋಣಿ ನೀರಿಗೆ ತಳ್ಳಿ, ಗಾಳಿ ಹಾಯಿ ತುಂಬಿದ ಮೇಲೆ ಹಲಗೆ ಇಳಿಯುತ್ತಿಲ್ಲ ಎಂದು ಹಿಂಬದಿಗೆ ಓಡುವುದು ಎಲ್ಲ ಕಡೆ ನಡೆಯುವ ಎಡವಟ್ಟು. ರಿಬ್ಬನ್ ಗಾಳಿಗೆ ಹಾರುತ್ತಿದ್ದರೆ ಕಣ್ಣು ತಪ್ಪುವುದಿಲ್ಲ. ಪಿನ್ನನ್ನು ದಾರದಿಂದ ಸ್ಟಾಕಿಗೇ ಕಟ್ಟಿರಿ, ಕೈಜಾರಿದ ಪಿನ್ನು ಎರೆಕೆಸರಿನಲ್ಲಿ ಮತ್ತೆ ಸಿಗುವುದಿಲ್ಲ.

ರಸ್ತೆಗೆ ಬಂದರೆ ಚುಕ್ಕಾಣಿಯನ್ನು ದೋಣಿಯಿಂದ ಬಿಚ್ಚಿಯೇ ಒಯ್ಯುವುದು ನಮ್ಮ ಖಚಿತ ಅಭಿಪ್ರಾಯ. ಪಿನ್ನು ಎಷ್ಟೇ ಗಟ್ಟಿ ಇರಲಿ, ಪ್ರತಿ ಹಂಪಿಗೂ ಚುಕ್ಕಾಣಿಯ ಪೂರ್ತಿ ಭಾರ ಪಿಂಟಲ್‌ಗಳನ್ನು ಕುಟ್ಟುತ್ತದೆ, ಅವು ಕೂರುವ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ. ಹಲಗೆ ಹಿಂದಕ್ಕೆ ಎರಡು ಅಡಿಗೂ ಮಿಕ್ಕಿ ಚಾಚಿರುತ್ತದೆ, ಹಿಂದೆ ಬರುವ ಬೈಕಿನವನಿಗೆ ಅದು ಕಾಣುವುದಿಲ್ಲ. ಬಿಚ್ಚಿ, ಮಡಚಿ, ಪಿನ್ನು ಹಾಕಿ, ಹಳೆಯ ಕೌದಿಯಲ್ಲಿ ಸುತ್ತಿ ದೋಣಿಯೊಳಗೆ ಮಲಗಿಸಿ ಬೆಲ್ಟ್ ಬಿಗಿಯಿರಿ. ಮಡಚಿದ್ದಕ್ಕೂ ಪಿನ್ನು ಬೇಕು, ಇಲ್ಲದಿದ್ದರೆ ಹಲಗೆ ದಾರಿಯಲ್ಲಿ ಬಿಚ್ಚಿಕೊಂಡು ದೋಣಿಯ ಒಳಮೈ ಗೀರುತ್ತದೆ. ಹಲಗೆ ಹಸಿ ಇರುವಾಗ ಕೌದಿ ಸುತ್ತಬೇಡಿ, ಬಿಸಿಲಿಗೆ ಒಳಗೇ ಬೆಂದು ವಾರ್ನಿಶ್ ಗುಳ್ಳೆ ಏಳುತ್ತದೆ. ಚುಕ್ಕಾಣಿ ಬಿಚ್ಚಲಾಗದಷ್ಟು ಭಾರವಿರುವ ಕ್ಯಾಬಿನ್ ದೋಣಿಯಾದರೆ ಪಿನ್ನಿನ ಜೊತೆಗೆ ಹಲಗೆಯ ತುದಿಯನ್ನು ದೋಣಿಯ ಎರಡೂ ಬದಿಗೆ ಹಗ್ಗದಿಂದ ಜಗ್ಗಿ ಕಟ್ಟಿ, ಟಿಲ್ಲರನ್ನೂ ನಡುವಿಗೆ ಕಟ್ಟಿ, ತುದಿಗೆ ಕೆಂಪು ಬಟ್ಟೆ ಹಾಕಿ.

ಕೆಸರಿನ ದಂಡೆಯಲ್ಲಿ ಟ್ರೇಲರ್ ಚಕ್ರ ಹೂತು ಒಂದು ಕಡೆಗೆ ವಾಲುವುದರಿಂದಲೂ ಚುಕ್ಕಾಣಿಗೆ ಪೆಟ್ಟು ಬೀಳುತ್ತದೆ. ಶಹಾಬಾದ್ ಫರ್ಸಿ ಕೈಗೆ ಸಿಗುವ ಊರುಗಳಲ್ಲಿ ಚಕ್ರದ ದಾರಿಗೆ ಫರ್ಸಿ ಹಾಸುವ ರೂಢಿ ಸುಲಭದ್ದು. ತೆಳು ಫರ್ಸಿ ಹಾಸಬೇಡಿ. ಅಡಿಯಲ್ಲಿ ಮೆತ್ತಗಿದ್ದರೆ ನಡುವೆ ಒಡೆದು ಅಂಚು ಟೈರನ್ನು ಸೀಳುತ್ತದೆ. ದಪ್ಪ ಮರದ ಹಲಗೆಯೇ ಛಲೋ.

ಇನ್ನೊಂದು ಸಣ್ಣ ಸಾಮಾನಿದೆ, ಈ ವಿಮರ್ಶೆಯ ವ್ಯಾಪ್ತಿಗೆ ಬಂದೂ ಬಾರದಂತಿದೆ: ಪಿಂಟಲ್ ಮೇಲಕ್ಕೆ ಜಾರದಂತೆ ತಡೆಯುವ ಸ್ಪ್ರಿಂಗ್ ಪಟ್ಟಿ. ಮರದ ಹಲಗೆ ತೇಲುತ್ತದೆ. ದೋಣಿ ಮಗುಚಿದಾಗ ಈ ಪಟ್ಟಿ ಇಲ್ಲದಿದ್ದರೆ ಚುಕ್ಕಾಣಿ ತಾನಾಗಿ ಕಳಚಿ ಬೇರೆ ದಾರಿ ಹಿಡಿಯುತ್ತದೆ. ಅಡಿಯಿಂದ ಕೈಕೊಟ್ಟು ಎತ್ತಿ ನೋಡಿ, ಕೆಲವು ಮಿ.ಮೀ.ಗಿಂತ ಹೆಚ್ಚು ಎದ್ದರೆ ಪಟ್ಟಿ ಸತ್ತಿದೆ. ಬಗ್ಗಿಸಿ ಸರಿಮಾಡಿದ್ದು ಎರಡನೇ ಸಲಕ್ಕೆ ಮುರಿಯುತ್ತದೆ, ಹೊಸದೇ ಹಾಕಿ. ಅದರ ಮೇಲೆ ಸ್ಟಾಕಿಗೂ ದೋಣಿಗೂ 3 ಮಿ.ಮೀ. ದಾರದ ಕಟ್ಟು ಇರಲಿ.

ಕೊಳ್ಳುವ ಮಾತು. ಬೋಲ್ಟು, ನೈಲಾಕ್ ನಟ್ಟು, ಅರಾಲ್ಡೈಟ್, ಸರಳು ಎಲ್ಲ ಕಲಬುರಗಿ, ಬೀದರ್ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತವೆ. ಕ್ಲೀಟು ಮತ್ತು ಹೆಣೆದ ಪಾಲಿಯೆಸ್ಟರ್ ಹಗ್ಗ ಸಿಗುವುದಿಲ್ಲ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಹಾಯಿದೋಣಿ ಕ್ಲಬ್ಬುಗಳಿವೆ, ಬೀದರಿನವರಿಗಂತೂ ಬೆಂಗಳೂರಿಗಿಂತ ಅದೇ ಹತ್ತಿರ. ಸಾಮಾನು ಎಲ್ಲಿಂದ ತರಿಸುತ್ತಾರೆ ಎಂದು ಅಲ್ಲಿ ವಿಚಾರಿಸಿ. ವಿದೇಶದಿಂದ ನೇರವಾಗಿ ತರಿಸುವುದಾದರೆ ಸಾಗಣೆ, ಸುಂಕ ಸೇರಿಸಿಯೇ ಬೆಲೆ ಲೆಕ್ಕ ಹಾಕಿ, ಒಂದೇ ಸಲಕ್ಕೆ ಎರಡು ತರಿಸಿ. ಹೆಸರಿಲ್ಲದ ನಕಲು ಕ್ಲೀಟುಗಳನ್ನು ಅಗ್ಗವೆಂದು ತಂದರೆ ಮೊದಲು ತಕ್ಕಡಿ ಪರೀಕ್ಷೆ ಮಾಡಿ: ಹತ್ತು ಸಲ ಬಿಡಿಸಿದಾಗ ಅಂಕಿ ಹೆಚ್ಚುಕಡಿಮೆ ಒಂದೇ ಬರಬೇಕು. ಒಮ್ಮೆ 2 ಕೆ.ಜಿ., ಒಮ್ಮೆ 6 ಕೆ.ಜಿ. ತೋರಿಸುವ ಕ್ಲೀಟನ್ನು ದೋಣಿಯ ಬೇರೆ ಯಾವುದಾದರೂ ಹಗ್ಗಕ್ಕೆ ಸ್ಕ್ರೂ ಬಿಗಿದು ಬಳಸಿಕೊಳ್ಳಿ. ಚುಕ್ಕಾಣಿಗೆ ಮಾತ್ರ ಬೇಡ.